ಹಳೇ ಕಾರಿಗೆ ಸಾಮಾನೇ ಇಲ್ವಂತೆ

ಇವತ್ತು ತಾಳ್ಮೆ ಪೂರಾ ಹೋಯ್ತು ಮಾರಾಯ್ರೆ. ಅಪ್ಪ ತಗೊಂಡ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಮಾಡೆಲ್ ಮಾರುತಿ 800, ಆ ಕಾರ್ಬ್ಯುರೇಟರಿಗೆ ಒಂದು ಒರಿಜಿನಲ್ ರಿಪೇರಿ ಕಿಟ್ ಕೇಳಿದ್ರೆ ಅಂಗಡಿಯವ ತಲೆ ಸಹ ಎತ್ತದೆ "ಗುಜರಿಗೆ ಕೊಡಿ, ಒಳ್ಳೆ ರೇಟ್ ಉಂಟು" ಅಂತಾನೆ! ನಾನು ಕೇಳಿದ್ದು ಗುಜರಿ ರೇಟಾ? ಊರಿಡೀ ಇದೇ ಕಾರು ಇತ್ತಲ್ಲ, 2014ರಲ್ಲಿ ಕಂಪೆನಿ ನಿಲ್ಲಿಸಿದ್ದೇ ತಡ ಸಾಮಾನೆಲ್ಲ ಎಲ್ಲಿ ಹೋಯ್ತು? ಸಿಗುದೆಲ್ಲ ಡುಪ್ಲಿಕೇಟ್, ಸೋರದ ಹಾಗೆ ಸಂದಿಗೆ ಹಾಕುವ ಗ್ಯಾಸ್ಕೆಟ್ ಸರಿ ಕೂತ್ಕೊಳ್ಳುದೇ ಇಲ್ಲ, ಪೆಟ್ರೋಲ್ ಸೋರ್ತದೆ.

ಟಿಂಕರಿಂಗ್ ಕಥೆ ಕೇಳ್ಲೇಬೇಡಿ. ಪಣಂಬೂರಿನ ಉಪ್ಪುಗಾಳಿ, ಮೇಲಿಂದ ನಮ್ಮ ಮಳೆಗಾಲ, ಬಾಗಿಲಿನ ಅಡಿ ತುಕ್ಕು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಅಂತ ಬೇಡಿಕೊಂಡು ದುಡ್ಡು ಕೊಟ್ಟದ್ದು, ಈಗ ಪೇಂಟ್ ಗುಳ್ಳೆ ಬಂದಿದೆ, ಬೆರಳಲ್ಲಿ ಒತ್ತಿದ್ರೆ ಪುಟ್ಟಿ ಹುಡಿಹುಡಿಯಾಗಿ ಉದುರ್ತದೆ, ಒಳಗೆ ಹಳೇ ತುಕ್ಕು ಹಾಗೇ ಉಂಟು! ಕಾಣದ ಜಾಗ ಅಂತ ಹೀಗೆ ಮಾಡುದಾ? ಟಿಂಕರಿಂಗ್‌ನವನ ಹತ್ರ ಕೇಳಿದ್ರೆ "ನಾಳೆ ಬನ್ನಿ". ಅಷ್ಟಮಿ ಹೋಯ್ತು, ಚೌತಿ ಹೋಯ್ತು, ಆ ನಾಳೆ ಮಾತ್ರ ಬರ್ಲಿಲ್ಲ.

15 ವರ್ಷ ದಾಟಿದ ಕಾರಿನ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್ ಫೀಸ್ 600 ರೂಪಾಯಿ ಇದ್ದದ್ದನ್ನು 2022ರಲ್ಲಿ 5000 ಮಾಡಿದ್ರು, ರಿನ್ಯೂವಲ್ ಖರ್ಚೂ ಉಂಟು. ಇಷ್ಟರ ಮೇಲೆ ನೆಂಟರದ್ದೊಂದು, "ಹೊಸತು ತಗೊಳ್ಬಹುದಲ್ಲ". ಅಪ್ಪನ ಕಾರು ಹೊಸತು ಶೋರೂಮಲ್ಲಿ ಸಿಗ್ತದಾ?