ಗಾಳಿಗೂ ಗಡಿ ಗೊತ್ತು

1953ರ ಮೇ 19. ನೆವಾಡಾದ ಮರುಭೂಮಿಯಲ್ಲಿ ಅಮೆರಿಕ ಒಂದು ಅಣುಬಾಂಬ್ ಸಿಡಿಸಿ ನೋಡಿತು. ಬಾಂಬಿಗೆ ಇಟ್ಟ ಹೆಸರು ಹ್ಯಾರಿ. ಅದರ ಬೂದಿ ತೇಲಿಕೊಂಡು ಪಕ್ಕದ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಊರಿಗೆ ಬಂತು. ಸ್ವಲ್ಪ ಹೊತ್ತು ಮನೆಯೊಳಗೇ ಇರಿ ಅಂತ ಜನರಿಗೆ ಹೇಳಿದರು. ರಸ್ತೆಯಲ್ಲಿ ಕಾರುಗಳನ್ನು ನಿಲ್ಲಿಸಿ ತೊಳೆಸಿದರು. ಕಾರೇನೋ ಫಳಫಳ ಆಯಿತು. ಒಳಗೆ ಕೂತವರ ಶ್ವಾಸಕೋಶ ತೊಳೆಯುವ ಏರ್ಪಾಡು ಇರಲಿಲ್ಲ, ಬಿಡಿ.

1990ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಪರಿಹಾರದ ಕಾನೂನೂ ಬಂತು: ಬೂದಿ ಬಿದ್ದ ಕಡೆ ಇದ್ದು ಕ್ಯಾನ್ಸರ್ ಬಂದವರಿಗೆ 50,000 ಡಾಲರ್. ಸುಮ್ನೆ ಕೊಡೋಕಾಗುತ್ತಾ? ಬೂದಿ ಎಲ್ಲೆಲ್ಲಿ ಬಿತ್ತು ಅಂತ ಗೊತ್ತಾಗಬೇಕಲ್ಲ! ಅದಕ್ಕೆ ಕೌಂಟಿಗಳ (ನಮ್ಮ ಜಿಲ್ಲೆಗಳ ಥರದವು) ಪಟ್ಟಿ ಮಾಡಿದರು. ಈ ಪಟ್ಟಿ ಓದಿದ ಮೇಲೆ ಗಾಳಿಯ ಬಗ್ಗೆ ನನಗೆ ಗೌರವ ಜಾಸ್ತಿಯಾಗಿದೆ. ಯೂಟಾದ ಒಂದು ಕೌಂಟಿಯ ಬೇಲಿ ತನಕ ಬಂದು, ಆಚೆ ಕೌಂಟಿ ಪಟ್ಟಿಯಲ್ಲಿಲ್ಲ ಅಂತ ನೋಡಿಕೊಂಡು, ಅಲ್ಲೇ ನಿಂತುಬಿಟ್ಟಿದೆ. ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕಷ್ಟೇ ಬೀಸಿದೆ. ಕಂದಕ ದಾಟೋಕೆ ಭಯವಾಗಿರಬೇಕು.

2000ದಲ್ಲಿ ಪಟ್ಟಿಗೆ ಇನ್ನಷ್ಟು ಕೌಂಟಿ ಸೇರಿದವು. ನಲವತ್ತೈವತ್ತು ವರ್ಷದ ಹಿಂದೆ ಬೀಸಿದ ಗಾಳಿ ತಿದ್ದುಪಡಿ ಓದಿಕೊಂಡು ಮತ್ತೆ ಹೊರಟಿತು.

ಇನ್ನು ದಾಖಲೆ. 2024ರ ತನಕ ಇದ್ದ ನಿಯಮ ಇದು: ಬಾಂಬ್ ಪರೀಕ್ಷೆಗಳು ನಡೆದ 1951ರಿಂದ 1958ರ ನಡುವೆ ಒಟ್ಟು ಎರಡು ವರ್ಷ ಅಲ್ಲಿದ್ದೆ ಅಂತ ತೋರಿಸಬೇಕಿತ್ತು. ಇಲ್ಲವೇ 1962ರ ಜೂನ್ 30ರಿಂದ ಜುಲೈ 31ರ ತನಕ ಪೂರ್ತಿ ಇದ್ದೆ ಅಂತ. ಕೀಮೋಥೆರಪಿ ಮುಗಿಸಿ ಬಂದ ಅಜ್ಜಿ ಅಟ್ಟದಿಂದ ಟ್ರಂಕ್ ಇಳಿಸಿ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಹುಡುಕಬೇಕು. ಗಣಿತದಲ್ಲಿ ಎಷ್ಟು ಬಂದಿತ್ತು ಅನ್ನೋದು ಬೇಡ, ಊರಿನ ಹೆಸರು ಕಂಡರೆ ಸಾಕು. 1962ರ ಜುಲೈ ಕೊನೇ ವಾರ ಚಿಕ್ಕಮ್ಮನ ಮನೆಗೆ ಹೋಗಿದ್ದಿರಾ? ಚಿಕ್ಕಮ್ಮನನ್ನೇ ಕೇಳಿ ಪರಿಹಾರ. ರೋಗಕ್ಕೂ ಪಟ್ಟಿ ಇದೆ. ಸ್ತನದ ಕ್ಯಾನ್ಸರ್ ಅದರಲ್ಲಿದೆ, ಪ್ರಾಸ್ಟೇಟ್‌ದು ಇಲ್ಲ.

ಹಾಗಂತ ಗೆರೆ ಎಳೆದವರನ್ನು ಪೂರ್ತಿ ಬೈಯೋ ಹಾಗೂ ಇಲ್ಲ. ವಿಕಿರಣದಿಂದ ಬಂದ ಗಡ್ಡೆಯ ಮೇಲೆ ಸೀಲು ಇರುವುದಿಲ್ಲ. ಹಿರೋಶಿಮಾ, ನಾಗಾಸಾಕಿಯ ಜನರನ್ನು ವಿಜ್ಞಾನಿಗಳು 1950ರಿಂದ ಗಮನಿಸುತ್ತಾ ಬಂದಿದ್ದಾರೆ. ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಜಾಸ್ತಿಯಾಯಿತು. ಗಡ್ಡೆ ಕಟ್ಟುವ ಕ್ಯಾನ್ಸರ್‌ಗಳು ದಶಕಗಟ್ಟಲೆ ಕಾದು ಬಂದವು. 1958ರಿಂದ 1998ರ ತನಕ ಲೆಕ್ಕಕ್ಕೆ ಸಿಕ್ಕ ಇಂಥ 17,448 ಕ್ಯಾನ್ಸರ್‌ಗಳಲ್ಲಿ ಸುಮಾರು 850 ಬಾಂಬಿನಿಂದ ಬಂದವು ಅಂತ ಹೇಳಿದರು. ಆ 850 ಯಾರ್ಯಾರದು? ಅದನ್ನು ಯಾರೂ ಹೇಳಲಾರರು. ವಿಜ್ಞಾನ ಇಲ್ಲಿ ಕೈ ಚೆಲ್ಲುತ್ತದೆ. ಗುಮಾಸ್ತ ಚೆಲ್ಲುವುದಿಲ್ಲ. ಅವನ ಹತ್ತಿರ ನಕ್ಷೆ ಇದೆ, ಕ್ಯಾಲೆಂಡರ್ ಇದೆ.

ಅಂದಹಾಗೆ, ಪ್ರಪಂಚದ ಮೊದಲ ಅಣುಬಾಂಬ್ ಸಿಡಿದದ್ದು 1945ರ ಜುಲೈ 16ರಂದು, ನ್ಯೂ ಮೆಕ್ಸಿಕೋದಲ್ಲಿ. ಅದರ ಬೂದಿ ಮೈಮೇಲೆ ಬಿದ್ದ ಅಕ್ಕಪಕ್ಕದ ಊರಿನವರು ಈ ಪಟ್ಟಿಯಲ್ಲೇ ಇರಲಿಲ್ಲ. 2024ರಲ್ಲಿ ಕಾನೂನಿನ ಅವಧಿಯೇ ಮುಗಿದುಹೋಯಿತು. 2025ರ ಜುಲೈನಲ್ಲಿ ಅದಕ್ಕೆ ಮತ್ತೆ ಜೀವ ಬಂತು, ಪರಿಹಾರ 1,00,000 ಡಾಲರ್ ಆಯಿತು, ನ್ಯೂ ಮೆಕ್ಸಿಕೋ ಇಡಿಯಾಗಿ ಸೇರಿತು. ಬೂದಿ ಸರ್ಕಾರದ ಕಣ್ಣಿಗೆ ಬೀಳಲು ಎಂಬತ್ತು ವರ್ಷ ಹಿಡಿಯಿತು.

ಅರ್ಜಿ ಹಾಕಲು ಕೊನೆಯ ದಿನ 2027ರ ಡಿಸೆಂಬರ್ 31. ಇನ್ನೂ ಒಳಗೆ ಅಡಗಿ ಕೂತಿರುವ ಕ್ಯಾನ್ಸರ್‌ಗಳು ದಯವಿಟ್ಟು ಅಷ್ಟರೊಳಗೆ ಹೊರಬರಬೇಕು.