ಹವಳ ಕಚ್ಚುವುದಿಲ್ಲವಲ್ಲ!

ಬೆಂಗಳೂರಿನ ಕೆರೆಗಳನ್ನು ಉಳಿಸಿ ಸುಸ್ತಾದವರು ಈಗ ಕಡಲು ಉಳಿಸಲು ಮುರುಡೇಶ್ವರಕ್ಕೆ ಹೊರಟಿದ್ದಾರೆ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು, ಶನಿವಾರ ಬೆಳಿಗ್ಗೆ ನೇತ್ರಾಣಿ ದ್ವೀಪಕ್ಕೆ ದೋಣಿ. ದಡದಿಂದ ಸುಮಾರು 19 ಕಿ.ಮೀ. ದೂರ. ಅಲೆಯ ಹೊಡೆತಕ್ಕೆ ಅರ್ಧ ಜನ ಬೆಳಿಗ್ಗೆ ತಿಂದ ಇಡ್ಲಿಯನ್ನು ಸಮುದ್ರರಾಜನಿಗೇ ಅರ್ಪಿಸುತ್ತಾರೆ. ಕಡಲಿಗೆ ಅವರು ಕೊಡುವುದರಲ್ಲಿ ಮೀನಿಗೆ ಉಪಯೋಗಕ್ಕೆ ಬರುವುದು ಇದೊಂದೇ.

ಅಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಲ್ಲಿ ಮುಳುಗುವುದು. ಅದಕ್ಕೆ ಈಜು ಬರಲೇಬೇಕು ಅಂತೇನಿಲ್ಲ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋದ ಹಾಗೆ, ತರಬೇತುದಾರ ನಿಮ್ಮ ಬೆನ್ನಿನ ಸಿಲಿಂಡರ್ ಹಿಡಿದು ಕೆಳಗೆ ಕರೆದೊಯ್ಯುತ್ತಾನೆ. ನೀರೊಳಗೆ ಮಾತಿಲ್ಲ, ಬರೀ ಸನ್ನೆ. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ. ಎಲ್ಲ ಸರಿಯಿದೆ ಅನ್ನಬೇಕಾದರೆ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಉಂಗುರ ಮಾಡಬೇಕು. ದೋಣಿಯಲ್ಲೇ ನಾಲ್ಕು ಸಲ ಹೇಳಿಕೊಟ್ಟಿರುತ್ತಾರೆ. ಆದರೆ ಕ್ಯಾಮೆರಾ ಕಂಡದ್ದೇ ತಡ, ನಮ್ಮವರ ಹೆಬ್ಬೆರಳು ತಾನಾಗಿಯೇ ಎದ್ದು ನಿಲ್ಲುತ್ತದೆ. ತರಬೇತುದಾರ, ಪಾಪ, ಮೇಲಕ್ಕೆ ಎಳೆದು ತರುತ್ತಾನೆ. 'ಇಷ್ಟು ದುಡ್ಡಿಗೆ ಇಷ್ಟೇನಾ?' ಅಂತ ಜಗಳ ಶುರು.

ಹವಳ ಮುಟ್ಟಬೇಡಿ ಅಂತಲೂ ಹೇಳಿರುತ್ತಾರೆ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಪಟ್ಟಿಯಲ್ಲೇ ಹವಳವೂ ಇದೆ. ಹಾಗಂತ ಬಂಡೀಪುರದಲ್ಲಿ ಜೀಪಿನಿಂದಿಳಿದು ಹುಲಿಯ ಬೆನ್ನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡವರನ್ನು ಕಂಡಿದ್ದೀರಾ? ಇಲ್ಲಿ ಮಾತ್ರ ಕೈ ಸುಮ್ನೆ ಇರುವುದಿಲ್ಲ. ನೋಡಲು ಕಲ್ಲಿನಂತಿದ್ದರೂ ಅದು ಪ್ರಾಣಿ. ಗುಂಡಗೆ ಬೆಳೆಯುವ ಜಾತಿಯಾದರೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಮ್ಮವರು ಅದರ ಮೇಲೊಂದು ಕಾಲಿಟ್ಟು, 'ಕಡಲು ಉಳಿಸಿ, ಪ್ಲಾಸ್ಟಿಕ್ ತ್ಯಜಿಸಿ' ಅನ್ನುವ ಬ್ಯಾನರ್ ಬಿಡಿಸಿ ಹಿಡಿಯುತ್ತಾರೆ. ಬ್ಯಾನರ್ ಫ್ಲೆಕ್ಸ್‌ನದು. ಬಟ್ಟೆಯದಾದರೆ ನೀರಲ್ಲಿ ಒದ್ದೆಯಾಗುತ್ತಲ್ವಾ?

ಆದರೂ ಬರೀ ಪ್ರವಾಸಿಗರನ್ನೇ ಬೈದರೆ ಅನ್ಯಾಯವಾದೀತು. ಇದೇ ನೇತ್ರಾಣಿಯನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು. ಶೆಲ್ಲು ಬಿದ್ದ ದ್ವೀಪದ ಬುಡದಲ್ಲಿ ನಿಂತು 'ದಯವಿಟ್ಟು ಹವಳಕ್ಕೆ ಬೆರಳು ತಾಗಿಸಬೇಡಿ' ಅನ್ನುವವರ ಧೈರ್ಯ ಮೆಚ್ಚಬೇಕು.

ಇನ್ನು ಬೆರಳಲ್ಲ, ಕೈಯನ್ನೇ ಹಾಕುವವರನ್ನು ನೋಡಬೇಕೆಂದರೆ ಅಂಡಮಾನ್-ನಿಕೋಬಾರಿನ ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಗೆ ಹೋಗಬೇಕು. ದೈತ್ಯ ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಾಗ ಅದು. 2021ರಲ್ಲಿ ಅಲ್ಲಿನ ವನ್ಯಧಾಮದ ಪಟ್ಟ ಕಿತ್ತುಕೊಂಡರು, 2022ರಲ್ಲಿ ಬಂದರು ಯೋಜನೆಗೆ ಪರಿಸರ ಅನುಮತಿ ಕೊಟ್ಟರು. ಅಡ್ಡ ಬರುವ ಹವಳಗಳ 16,150 ಕಾಲೊನಿಗಳನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರಂತೆ. ಪ್ರವಾಸಿ ಕಿತ್ತರೆ ಅಪರಾಧ, ಸರ್ಕಾರ ಕಿತ್ತರೆ ಸ್ಥಳಾಂತರ. ಹವಳಕ್ಕೆ ಒಪ್ಪಿಗೆಯೇ ಅಂತ ಕೇಳುವ ಹಾಗಿಲ್ಲ, ನಮ್ಮ ಮೇಷ್ಟ್ರುಗಳನ್ನಾದರೂ ವರ್ಗ ಮಾಡುವಾಗ ಯಾರು ಕೇಳುತ್ತಾರೆ? ಅದೇ ಯೋಜನೆಗೆ ಕಡಿಯುವ ಮಳೆಕಾಡಿಗೆ ಬದಲಾಗಿ ಗಿಡ ನೆಡಲು ಗೊತ್ತು ಮಾಡಿದ ಜಾಗ ಹರಿಯಾಣ. ಸಮುದ್ರದ ಗಾಳಿಯೂ ಸೋಕದ ಊರು. ಹವಳಗಳ ವರ್ಗಾವಣೆ ಆದೇಶದಲ್ಲಿ ಆ ವಿಳಾಸ ಬರೆಯಲಿಲ್ಲವಲ್ಲ, ಅಷ್ಟು ಪುಣ್ಯ.