ದೋಸೆಯ ಡಿ ಮೂರು

ಶನಿವಾರವೂ ಆಫೀಸ್ ಕಾಲ್ ಇರುವವರ ಮನೆಗೆ ಸೈಬರ್ ಸೆಕ್ಯುರಿಟಿ ಓದುವ ಹುಡುಗರು ಬರಬಾರದು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ನಾದಿನಿಯ ಮಗ ಬಂದ. ತಿಂಡಿ ತಿಂದ ಕೈ ಆರುವ ಮೊದಲೇ, "ಅತ್ತೆ, ನಿಮ್ಮ ವೈಫೈ ಎಷ್ಟು ಗಟ್ಟಿ ಅಂತ ಟೆಸ್ಟ್ ಮಾಡ್ತೇನೆ" ಅಂದ. ಕನೆಕ್ಷನ್ ಮಾವನ ಹೆಸರಲ್ಲಿದೆ; ಮೊಮ್ಮಗನಿಗೆ ಅವರ ಅಪ್ಪಣೆ ಆಗಲೇ ಸಿಕ್ಕಾಗಿತ್ತು. ನನ್ನನ್ನು ಕೇಳುವವರು ಯಾರು?

ಪಾಸ್‌ವರ್ಡನ್ನು ಕೇಳಿ ತಿಳಿಯುವಂತಿಲ್ಲವಂತೆ, ಕಂಡುಹಿಡಿಯಬೇಕಂತೆ. ಅದಕ್ಕೆ ಫೋನೋ ಲ್ಯಾಪ್‌ಟಾಪೋ ರೂಟರಿನ ಜೊತೆ ಹ್ಯಾಂಡ್‌ಶೇಕ್ ಮಾಡುವ, ಅಂದರೆ ವೈಫೈಗೆ ಸೇರುವಾಗ ಪರಸ್ಪರ ಗುರುತು ತಾಳೆ ನೋಡುವ ಗಳಿಗೆಯನ್ನು ಹಿಡಿಯಬೇಕು. ಹೊಸದಾಗಿ ಕೈ ಕುಲುಕಬೇಕಾದರೆ ಮೊದಲು ಕೈ ಬಿಡಿಸಬೇಕಲ್ಲ! ಮಾವನ ಫೋನ್ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿತ್ತು, ಇವನ ವೈಫೈ ಅಡಾಪ್ಟರಿಗೆ 2.4 ಬಿಟ್ಟು ಬೇರೆ ಕಾಣದು. 2.4ರಲ್ಲಿ ಇದ್ದದ್ದು ನನ್ನ ಆಫೀಸಿನ ಹಳೇ ಲ್ಯಾಪ್‌ಟಾಪ್ ಒಂದೇ. ಅದನ್ನೇ ವೈಫೈಯಿಂದ ಬಿಡಿಸಿದ. ನಮ್ಮ ಮ್ಯಾನೇಜರ್ ಬಾಯಿ ತೆರೆದ ಭಂಗಿಯಲ್ಲೇ ಪರದೆ ಮೇಲೆ ನಿಂತುಬಿಟ್ಟರು.

ಹಿಡಿದದ್ದನ್ನು ರಾಕ್‌ಯೂ ಅನ್ನುವ ಪಟ್ಟಿಗೆ ತಾಳೆ ಹಾಕಿದ. 2009ರಲ್ಲಿ ಸೋರಿಹೋದ 1.4 ಕೋಟಿಗೂ ಹೆಚ್ಚು ಪಾಸ್‌ವರ್ಡ್ ಅದರಲ್ಲಿವೆ. ವೈಫೈಗೆ 8 ಅಕ್ಷರಕ್ಕಿಂತ ಚಿಕ್ಕದು ನಡೆಯದು. ಉಳಿದ ಒಂದೊಂದನ್ನೂ 4096 ಸಲ ಲೆಕ್ಕದಲ್ಲಿ ಅರೆದು ನೋಡಬೇಕು. ಅವನ ಲ್ಯಾಪ್‌ಟಾಪಿನ ಫ್ಯಾನ್ ಮಿಕ್ಸಿಯ ಹಾಗೆ ಕಿರುಚತೊಡಗಿತು. ಊಟದ ಹೊತ್ತಿಗೂ ಏನೂ ಸಿಗಲಿಲ್ಲ. ಹಿಡಿದದ್ದೇ ಅರೆಬರೆ ಇರಬಹುದು ಅಂತ ನನ್ನ ಕಾಲ್ ಮತ್ತೆ ಕೆಡಿಸಿದ. ಆಗಲೂ ಇಲ್ಲ.

ಕೊನೆಗೆ ನಿಜವಾದ ಪಾಸ್‌ವರ್ಡನ್ನೇ ಪಟ್ಟಿಗೆ ಸೇರಿಸಿ ನೋಡುವುದೆಂದಾಯಿತು. ಸಿಕ್ಕರೆ ಕೊರತೆ ಪಟ್ಟಿಯದ್ದು, ಸಿಗದಿದ್ದರೆ ಹಿಡಿದದ್ದರದ್ದು. "ಅಜ್ಜ, ಪಾಸ್‌ವರ್ಡ್ ಹೇಳಿ."

ಮಾವ ಪಾಸ್‌ವರ್ಡ್ ಹೇಳುವುದೆಂದರೆ ಗ್ಯಾಲರಿಗೆ ಬಂದು, ಗಂಟಲು ಸರಿಮಾಡಿಕೊಂಡು, ಗದ್ದೆಯಾಚೆಯವರನ್ನು ಕರೆಯುವ ದನಿಯಲ್ಲೇ. "ಎಚ್ ಫಾರ್ ಹುಣಸೆಹಣ್ಣು. ಓ ಫಾರ್ ಒರಳು. ಎಲ್ ಫಾರ್ ಲಿಂಬೆ. ಇ ಫಾರ್ ಎಮ್ಮೆ. ಬಿ ಫಾರ್ ಬಸಳೆ, ಬರ್ದ್ಯಾ? ಎ ಫಾರ್ ಅವಲಕ್ಕಿ. ಡಿ ಫಾರ್ ದೋಸೆ. ಐ ಫಾರ್ ಇಡ್ಲಿ." ಹೊಳೆಬದಿ ಆಯಿತು, ಇನ್ನು ಗದ್ದೆ. "ಜಿ ಫಾರ್ ಗಂಜಿ. ಎ ಅದೇ ಅವಲಕ್ಕಿ. ಡಿ ಮೂರು ಹಾಕು."

"ಮೂರು ಯಾಕಜ್ಜ?"

"ದೊಡ್ಡ ಗದ್ದೆ ಮಗಾ ಅದು."

ಆ ಗದ್ದೆ ಈಗಿಲ್ಲ. ಅದರ ಮೇಲೆ 66ನೇ ರಾಷ್ಟ್ರೀಯ ಹೆದ್ದಾರಿ ಹೋಗಿದೆ. ಊರಿಗೆ ಹೋದಾಗ ಬಸ್ಸು ಅದನ್ನು ದಾಟುವಷ್ಟು ಹೊತ್ತೂ ಮಾವ ಕಿಟಕಿಯ ಕಡೆ ನೋಡುವುದಿಲ್ಲ.

ಹುಡುಗ ಬರೆದು ಒತ್ತಿದ. ಪಾಸ್‌ವರ್ಡ್ ಸಿಕ್ಕಿತೆಂದು ಪರದೆ ತಕ್ಷಣ ಸಾರಿತು. ಅವನು ಕುಣಿದ: "ಹಿಡಿದದ್ದು ಸರಿಯೇ ಇತ್ತು! ಪಾಸ್‌ವರ್ಡ್ ತುಂಬಾ ಸ್ಟ್ರಾಂಗ್, ಅಜ್ಜ!"

"ನಾನ್ ಹೇಳಿದ್ದನ್ನೇ ನಂಗೆ ವಾಪಸ್ ಹೇಳೂಕೆ ಇಷ್ಟೊತ್ತು ಬೇಕಾಯ್ತಾ?"

ಅಷ್ಟರಲ್ಲಿ ಮೇಲಿನ ಮನೆಯ ಮರಾಠಿ ಕಾಕು ಗ್ಯಾಲರಿಯಿಂದ ಬಗ್ಗಿದರು. ಕೈಯಲ್ಲಿ ಫೋನು. "ಆಜೋಬಾ, ಡೋಸಾವಾಲಾ ಡಿ ದೋನ್ ಕೀ ತೀನ್?"

"ತೀನ್, ತೀನ್!" ಅಂದರು ಮಾವ.